ಸೆವಿಲ್‌ನ ಪವಿತ್ರ ವಾರ, ಅದರಲ್ಲೂ ಮೌನದ ಮೆರವಣಿಗೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯೂರೋಪ್ ಟ್ರಿಪ್ ಪ್ಲಾನ್ ಮಾಡೋರು, ಸ್ಪೇನಿಗೆ ಓದೋಕೆ ಬಂದಿರೋ ಹುಡುಗ್ರು, ಊರಲ್ಲಿರೋ ನೆಂಟ್ರು, ಎಲ್ರೂ ಫೆಬ್ರವರಿ ಮುಗೀತಿದ್ದಂಗೆ ಅಲ್ಲಿನ ಸೆವಿಲ್ ಊರಿನ ಪವಿತ್ರ ವಾರದ (ಯೇಸು ಶಿಲುಬೆಗೇರಿದ್ದನ್ನ ನೆನೆಯೋ, ಈಸ್ಟರ್‌ಗೆ ಮುಂಚಿನ ವಾರ) ಬಗ್ಗೆ ಅವೇ ಪ್ರಶ್ನೆ ಕೇಳ್ತಾರೆ, ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಬ್ಯಾಂಡು, ಹೂವು, ಚಪ್ಪಾಳೆ ಇರೋ ಮೆರವಣಿಗೆಗಳ ವಿಷಯ ಎಲ್ಲಿ ಹುಡುಕಿದ್ರೂ ಸಿಗತ್ತೆ. ನಾನು ಜಾಸ್ತಿ ಬರೆದಿರೋದು ಕಪ್ಪು ನಿಲುವಂಗಿ ಹಾಕ್ಕೊಂಡು ಒಂದು ಮಾತೂ ಆಡದೆ ರಾತ್ರಿಯಿಡೀ ನಡೆಯೋ ಸಂಘಗಳ ಬಗ್ಗೆ. ನನ್ನ ಪ್ರಕಾರ ಆ ವಾರದ ಜೀವ ಇರೋದೇ ಅಲ್ಲಿ, ಟೂರಿಸ್ಟುಗಳು ಮಿಸ್ ಮಾಡ್ಕೊಳೋದೂ ಅದನ್ನೇ.

ಇದು ಜಾತ್ರೆನಾ, ಶೋಕಾಚರಣೆನಾ?

ಊರಿನ ಮಟ್ಟಿಗೆ ಎರಡೂ ಹೌದು, ಆದ್ರೆ ಮೂಲ ಮಾತ್ರ ಶೋಕ ಮತ್ತೆ ಪ್ರಾಯಶ್ಚಿತ್ತ. ಗರಿಗಳ ಭಾನುವಾರದಿಂದ (ಪಾಮ್ ಸಂಡೇ) ಪಾಸ್ಕ ಭಾನುವಾರದ (ಈಸ್ಟರ್) ತನಕ ಒಂದೊಂದು ದಿನ ಒಂದಷ್ಟು ಸಂಘಗಳು ತಮ್ಮ ತಮ್ಮ ಚರ್ಚಿನಿಂದ ಹೊರಟು ಯೇಸುವಿನ ಪಾಡುಗಳ (ಸಾಯೋ ಮುಂಚೆ ಪಟ್ಟ ಕಷ್ಟಗಳ) ಪ್ರತಿಮೆ, ಅದರ ಹಿಂದೆ ಅಳ್ತಿರೋ ವ್ಯಾಕುಲಮಾತೆಯ (ಯೇಸುವಿನ ತಾಯಿ ಮರಿಯಳ) ಪ್ರತಿಮೆ ಹೊತ್ಕೊಂಡು ಸೆವಿಲ್‌ನ ದೊಡ್ಡ ಕೆಥೆಡ್ರಲ್ ಒಳಗೆ ಹೋಗಿ, ಪ್ರಾರ್ಥನೆ ಮಾಡ್ಕೊಂಡು, ವಾಪಸ್ ಬರ್ತವೆ. ಈ ಸಂಘಗಳಿಗೆ ಅಲ್ಲಿ ಎರ್ಮಂದಾದ್ ಅಂತಾರೆ. ಇವು ಪಾದ್ರಿಗಳ ಸಂಘ ಅಲ್ಲ, ಡಾಕ್ಟ್ರು, ಪ್ಲಂಬರ್, ಮೇಷ್ಟ್ರು, ಕಾಲೇಜು ಹುಡುಗರು ಸೇರ್ಕೊಂಡು ನಡೆಸೋ ಭಕ್ತರ ಸಂಘ. ಮಗು ಹುಟ್ಟಿದ ವಾರದಲ್ಲೇ ಸಂಘಕ್ಕೆ ಹೆಸರು ಬರೆಸೋ ಮನೆಗಳೂ ಇವೆ.

ಯಾವಾಗ ಬರತ್ತೆ? ಡೇಟ್ ಯಾಕೆ ಪ್ರತಿ ವರ್ಷ ಚೇಂಜ್ ಆಗತ್ತೆ?

ಮಾರ್ಚ್ 21ಕ್ಕೋ ಅದರ ಆಮೇಲೋ ಬರೋ ಮೊದಲ ಹುಣ್ಣಿಮೆ, ಅದರ ನಂತರದ ಭಾನುವಾರ ಈಸ್ಟರ್, ಅದಕ್ಕೆ ಹಿಂದಿನ ವಾರವೇ ಪವಿತ್ರ ವಾರ. 2027ರಲ್ಲಿ ಗರಿಗಳ ಭಾನುವಾರ ಮಾರ್ಚ್ 21, ಶುಭ ಶುಕ್ರವಾರ (ಗುಡ್ ಫ್ರೈಡೇ) 26, ಈಸ್ಟರ್ 28. 2028ರಲ್ಲಿ ಈಸ್ಟರ್ ಏಪ್ರಿಲ್ 16ಕ್ಕೆ ಹೋಗತ್ತೆ. ಹುಣ್ಣಿಮೆ ಲೆಕ್ಕ ಆಗಿರೋದ್ರಿಂದ ಆ ವಾರ ಆಕಾಶದಲ್ಲಿ ಚಂದ್ರ ದೊಡ್ಡದಾಗೇ ಇರ್ತಾನೆ. ನಮ್ಮ ಬೆಂಗಳೂರು ಕರಗ ಚೈತ್ರ ಪೌರ್ಣಮಿಗೆ ತಾನೆ, ಕೆಲವು ವರ್ಷ ಎರಡೂ ಒಂದೇ ವಾರ ಬೀಳ್ತವೆ, ಅಲ್ಲೂ ರಾತ್ರಿಯಿಡೀ ನಿದ್ದೆಗೆಟ್ಟು ಕಾಯೋ ಜನ, ಇಲ್ಲೂ ಅಷ್ಟೇ.

ಆ ಮೊನಚು ಟೋಪಿ, ಮುಖವಾಡ ನೋಡಿದ್ರೆ ಭಯ ಆಗತ್ತೆ, ಅವ್ರು ಅಮೆರಿಕದ ಕು ಕ್ಲಕ್ಸ್ ಕ್ಲಾನ್‌ನೋರಾ?

ಅಲ್ಲ, ಅಲ್ಲ, ಅಲ್ಲ. ಅತಿ ಹೆಚ್ಚು ಬರೋ ಪ್ರಶ್ನೆ ಇದೇ. ಅಮೆರಿಕದ ಆ ಬಿಳಿಯರ ಜನಾಂಗದ್ವೇಷಿ ಗುಂಪು ಹುಟ್ಟಿದ್ದು 1860ರ ದಶಕದಲ್ಲಿ, ಸೆವಿಲ್‌ನವರು ಈ ವೇಷ ಹಾಕೋಕೆ ಶುರು ಮಾಡಿದ್ದು ಅದಕ್ಕಿಂತ ನೂರಾರು ವರ್ಷ ಮುಂಚೆ. ತಮಾಷೆ ಅಂದ್ರೆ ಇಪ್ಪತ್ತನೇ ಶತಮಾನದ ಆ ಕ್ಲಾನ್‌ಗೆ ಕಥೋಲಿಕರನ್ನ ಕಂಡ್ರೂ ಆಗ್ತಿರ್ಲಿಲ್ಲ.

ಈ ಕೋನ್ ಆಕಾರದ ಟೋಪಿಗೆ ಕಪಿರೋತೆ ಅಂತಾರೆ, ಹಾಕ್ಕೊಂಡೋರು ನಸರೇನೊಗಳು. ಇನ್‌ಕ್ವಿಸಿಷನ್ (ಧರ್ಮದ್ರೋಹ ವಿಚಾರಿಸ್ತಿದ್ದ ಚರ್ಚ್ ಕೋರ್ಟು) ಕಾಲದಲ್ಲಿ ಶಿಕ್ಷೆಯಾದೋರ ತಲೆಗೆ ಅವಮಾನಕ್ಕೆ ಅಂತ ಉದ್ದ ಟೋಪಿ ಹಾಕಿ ಬೀದೀಲಿ ನಡೆಸ್ತಿದ್ರು, ಆ ಅವಮಾನದ ಟೋಪಿಯನ್ನ ಭಕ್ತರು ತಾವಾಗೇ ತಲೆಗೆ ಇಟ್ಕೊಂಡ್ರು, ನಾನೂ ಪಾಪಿನೇ ಅಂತ. ಮುಖ ಮುಚ್ಚೋದು ಯಾಕಂದ್ರೆ ಪ್ರಾಯಶ್ಚಿತ್ತ ಮಾಡ್ತಿರೋದು ಯಾರು ಅಂತ ಗೊತ್ತಾಗಬಾರ್ದು. ಬ್ಯಾಂಕ್ ಮ್ಯಾನೇಜರ್ ಯಾರು, ಕೆಲಸ ಇಲ್ಲದೋನು ಯಾರು, ಪಕ್ಕದಲ್ಲಿ ನಿಂತೋರಿಗೂ ತಿಳಿಯಲ್ಲ. ಕಣ್ಣಿನ ಹತ್ರ ಎರಡು ತೂತು, ಕೈಯಲ್ಲಿ ಉದ್ದದ ಮೇಣದಬತ್ತಿ, ಅಷ್ಟೇ. ಕೆಲವರು ಬರಿಗಾಲಲ್ಲಿ ನಡೀತಾರೆ, ಹರಕೆ ಇರತ್ತೆ. ಪ್ರತಿಮೆಯ ಹಿಂದೆ ಭುಜದ ಮೇಲೆ ಮರದ ಶಿಲುಬೆ ಹೊತ್ತು ಬರೋರ ಮುಸುಕಿಗೆ ಒಳಗಡೆ ಕೋನ್ ಇರಲ್ಲ, ಬಟ್ಟೆ ಬೆನ್ನ ಮೇಲೆ ಇಳಿಬಿದ್ದಿರತ್ತೆ, ಹಾಗೇ ಗುರುತು ಹಿಡೀಬಹುದು.

ಪ್ರತಿಮೆ ಹೊರೋರು ಯಾರು? ಕೆಳಗೆ ಚಕ್ರ ಇದೆಯಾ?

ಚಕ್ರ ಇಲ್ಲ, ಮನುಷ್ಯರೇ. ತೇರಿನ ಥರದ ಆ ಮರದ ವೇದಿಕೆಗೆ ಪಾಸೊ ಅಂತ ಹೆಸರು, ಸುತ್ತ ಬಟ್ಟೆ ಇಳಿಬಿಟ್ಟಿರ್ತಾರೆ, ಒಳಗೆ ಮೂವತ್ತರಿಂದ ಐವತ್ತು ಜನ ಕತ್ತಲಲ್ಲಿ ಬಗ್ಗಿ ನಿಂತಿರ್ತಾರೆ. ಇವರೇ ಕೊಸ್ತಲೇರೊಗಳು. ಭಾರ ಬೀಳೋದು ಭುಜದ ಮೇಲಲ್ಲ, ಕತ್ತಿನ ಹಿಂಭಾಗದ ಮೂಳೆ ಮೇಲೆ, ಅದಕ್ಕೆ ತಲೆಗೆ ಗೋಣಿ ಬಟ್ಟೆಯ ಸಿಂಬಿ ಕಟ್ಕೋತಾರೆ. ದೊಡ್ಡ ಪಾಸೊಗಳು ಒಂದು ಟನ್‌ಗಿಂತ ಎಷ್ಟೋ ಜಾಸ್ತಿ ತೂಗ್ತವೆ. ಹೊರಗಡೆ ಏನಾಗ್ತಿದೆ ಅನ್ನೋದು ಒಳಗಿರೋರಿಗೆ ಕಾಣಲ್ಲ, ಮುಂದೆ ನಿಂತಿರೋ ಕಪತಾಸ್ ಅಂದ್ರೆ ಮೇಸ್ತ್ರಿ ಹೇಳಿದ್ದೇ ಕಣ್ಣು. ಪಾಸೊ ಮುಂಭಾಗದಲ್ಲಿ ಒಂದು ಲೋಹದ ಸುತ್ತಿಗೆ ಇರತ್ತೆ, ಅದನ್ನ ಬಡಿದ ತಕ್ಷಣ ಎಲ್ರೂ ಒಂದೇ ಏಟಿಗೆ ಮೇಲೆತ್ತಬೇಕು. ಎತ್ತೋ ಮುಂಚೆ ಮೇಸ್ತ್ರಿ ಕೆಲವೊಮ್ಮೆ "ಇದು ಇಂಥೋರಿಗೆ" ಅಂತ ಹೇಳ್ತಾನೆ, ತೀರಿಕೊಂಡಿರೋ ಸಂಗಾತಿಗೋ, ಆಸ್ಪತ್ರೇಲಿರೋ ಮಗುಗೋ.

ಮುಂಚೆ ಇದು ಕೂಲಿ ಕೆಲಸ, ಬಂದರಿನ ಹಮಾಲರನ್ನ ದುಡ್ಡು ಕೊಟ್ಟು ಕರೆಸ್ತಿದ್ರು. 1973ರಲ್ಲಿ ಯೂನಿವರ್ಸಿಟಿಯ ಲೋಸ್ ಎಸ್ತುದಿಯಾಂತೆಸ್ ಸಂಘದ ಸದಸ್ಯರೇ ಮೊದಲ ಸಲ ಪಾಸೊ ಕೆಳಗೆ ನುಗ್ಗಿದ್ರು, ಆಮೇಲೆ ಒಂದೊಂದೇ ಸಂಘ ಹಾಗೇ ಮಾಡ್ತು. ಈಗ ಜಾಗ ಸಿಗೋದೇ ಕಷ್ಟ. ಹಬ್ಬಕ್ಕೆ ವಾರಗಟ್ಟಲೆ ಮುಂಚಿಂದ, ರಾತ್ರಿ ಹೊತ್ತು, ಬರೀ ಚೌಕಟ್ಟಿನ ಮೇಲೆ ಭಾರ ಹೇರ್ಕೊಂಡು ಗಲ್ಲಿಗಳಲ್ಲಿ ಪ್ರಾಕ್ಟೀಸ್ ಮಾಡ್ತಾರೆ. ತಪಸ್ಸುಕಾಲದಲ್ಲಿ (ಲೆಂಟ್, ಈಸ್ಟರ್‌ಗೆ ಮುಂಚಿನ ವ್ರತದ ವಾರಗಳು) ನೀವು ಸೆವಿಲ್‌ಗೆ ಹೋದ್ರೆ ಇದನ್ನೂ ನೋಡಬಹುದು, ಟಿಕೆಟ್ ಗಿಕೆಟ್ ಏನೂ ಇಲ್ಲ.

ಮದ್ರುಗಾ ಅಂದ್ರೆ ಯಾವ ರಾತ್ರಿ?

ಪವಿತ್ರ ಗುರುವಾರ ರಾತ್ರಿ ಕಳೆದು ಶುಭ ಶುಕ್ರವಾರ ಬೆಳಗಾಗೋ ರಾತ್ರಿ. ಆರು ಸಂಘಗಳು ಹೊರಡ್ತವೆ: ಎಲ್ ಸಿಲೆನ್ಸಿಯೊ, ಗ್ರಾನ್ ಪೊದೇರ್, ಮಕರೇನಾ, ಎಲ್ ಕಲ್ವಾರಿಯೊ, ಎಸ್ಪೆರಾನ್ಸಾ ದೆ ತ್ರಿಯಾನಾ, ಲೋಸ್ ಹಿತಾನೋಸ್. ಇದರಲ್ಲಿ ಮಕರೇನಾ, ತ್ರಿಯಾನಾ, ಹಿತಾನೋಸ್ ಮೂರಕ್ಕೂ ಬ್ಯಾಂಡು, ಜೈಕಾರ, ಕಣ್ಣೀರು ಎಲ್ಲಾ ಒಟ್ಟಿಗೆ. ಮಕರೇನಾ ತನ್ನ ಚರ್ಚಿಗೆ ವಾಪಸ್ ಸೇರೋಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನ ಆಗಿರತ್ತೆ. ಉಳಿದ ಮೂರು ಮೌನದ ಸಂಘಗಳು.

ಎಲ್ ಸಿಲೆನ್ಸಿಯೊ ಹೆಸರಲ್ಲೇ ಮೌನ ಇದೆ. ತಮ್ಮ ಸಂಘ ಶುರುವಾಗಿದ್ದು 1340ರಲ್ಲಿ ಅಂತ ಅವರ ಪರಂಪರೆ ಹೇಳತ್ತೆ, ಬೇರೆ ಸಂಘದವರೂ ಇದನ್ನ ತಾಯಿ ಸಂಘ ಅಂತ ಗೌರವಿಸ್ತಾರೆ. ರಾತ್ರಿ ಒಂದರ ಸುಮಾರಿಗೆ ಸಾನ್ ಅಂತೋನಿಯೊ ಅಬಾದ್ ಚರ್ಚಿನ ಬಾಗಿಲು ತೆಗೀತಾರೆ, ಕರೀ ನಿಲುವಂಗಿ, ಸೊಂಟಕ್ಕೆ ಅಗಲವಾದ ನಾರಿನ ಪಟ್ಟಿ, ಸಾಲು ಸಾಲಾಗಿ ಬರ್ತಾರೆ, ಒಬ್ಬನೂ ತಲೆ ತಿರುಗಿಸಲ್ಲ, ಮಾತಾಡೋದಂತೂ ದೂರದ ಮಾತು, ಪರಿಚಯದೋರು ಪಕ್ಕದಲ್ಲೇ ನಿಂತಿದ್ರೂ ಸನ್ನೆ ಕೂಡ ಮಾಡಲ್ಲ. ಇಲ್ಲಿ ಯೇಸು ಶಿಲುಬೆಯನ್ನ ಉಲ್ಟಾ ಹಿಡಿದು ತಬ್ಬಿಕೊಂಡಿದಾನೆ, ಎಳ್ಕೊಂಡು ಹೋಗ್ತಿಲ್ಲ, ಬಯಸಿ ತಗೊಂಡ ಹಾಗೆ. ಮಾತೆಯ ಪಾಸೊಗೆ ಕಿತ್ತಳೆ ಹೂವಿನ ಅಲಂಕಾರ. ಸೆವಿಲ್ ಬೀದಿ ತುಂಬಾ ಕಿತ್ತಳೆ ಮರಗಳೇ, ಅದೇ ಸಮಯಕ್ಕೆ ಅವೂ ಹೂ ಬಿಟ್ಟಿರ್ತವೆ, ಧೂಪದ ಜೊತೆ ಆ ವಾಸನೆ ಸೇರಿದ್ರೆ ಏನು ಹೇಳೋದು.

ಗ್ರಾನ್ ಪೊದೇರ್ ಪ್ರತಿಮೆ 1620ರಲ್ಲಿ ಹುವಾನ್ ದೆ ಮೇಸಾ ಅನ್ನೋ ಶಿಲ್ಪಿ ಮರದಲ್ಲಿ ಕೆತ್ತಿದ್ದು. ವಯಸ್ಸಿಗೆ ಮೀರಿ ಸೊರಗಿರೋ ಮುಖ, ಒಂದು ಕಾಲು ಮುಂದಿಟ್ಟಿರೋ ಭಂಗಿ, ಹೊತ್ತೋರು ದೊಡ್ಡ ದೊಡ್ಡ ಹೆಜ್ಜೆ ಹಾಕಿದಾಗ ಪ್ರತಿಮೆನೇ ನಡ್ಕೊಂಡು ನಿಮ್ಮ ಕಡೆ ಬರ್ತಿದೆ ಅನ್ಸತ್ತೆ. ಬ್ಯಾಂಡ್ ಇಲ್ಲ. ಸೆವಿಲ್‌ನಲ್ಲಿ ಚರ್ಚಿಗೇ ಹೋಗದೋರು ಕೂಡ ಈತನ ಮುಂದೆ ಟೋಪಿ ತೆಗೀತಾರೆ. ಸಾಮಾನ್ಯ ಶುಕ್ರವಾರಗಳಲ್ಲೂ ಸಾನ್ ಲೊರೆನ್ಸೊ ಚೌಕದಲ್ಲಿರೋ ಇವರ ಬಸಿಲಿಕಾಗೆ ಜನ ಹೋಗಿ ಪ್ರತಿಮೆಯ ಹಿಮ್ಮಡಿ ಮುಟ್ಟಿ ನಮಸ್ಕಾರ ಮಾಡ್ಕೊಂಡು ಬರ್ತಾರೆ.

ಒಂದೇ ರಾತ್ರಿ ಇದೆ, ಯಾವುದು ನೋಡ್ಲಿ ಅಂದ್ರೆ: ಮೊದಲು ಸಿಲೆನ್ಸಿಯೊ, ಆಮೇಲೆ ಗ್ರಾನ್ ಪೊದೇರ್ ವಾಪಸ್ ಹೋಗೋ ದಾರೀಲಿ ಯಾವುದಾದ್ರೂ ಇಕ್ಕಟ್ಟಿನ ಗಲ್ಲಿ. ಮಕರೇನಾ ಬಿಟ್ರೆ ಹೊಟ್ಟೆ ಉರಿಯತ್ತೆ ಅನ್ನೋರು ಬೆಳಿಗ್ಗೆ ಅದನ್ನೂ ನೋಡಿ, ಆದ್ರೆ ಮೂರಕ್ಕೂ ರಾತ್ರಿನೇ ಓಡಾಡೋಕೆ ಹೋದ್ರೆ ಒಂದೂ ಸಿಗಲ್ಲ.

ಮೌನ ಅಂದ್ರೆ ಪೂರ್ತಿ ಮೌನನಾ? ಅಷ್ಟು ಜನ ಇದ್ದಾಗ ಹೇಗೆ ಸಾಧ್ಯ?

ಪೂರ್ತಿ ಅಲ್ಲ, ಆದ್ರೆ ನಂಬೋಕೆ ಆಗದಷ್ಟು. ನಸರೇನೊಗಳು ಮಾತಾಡದೇ ಇರೋದು ಅವರ ನಿಯಮ, ಅದು ದೊಡ್ಡ ವಿಷಯ ಅಲ್ಲ. ಬೀದೀಲಿ ನಿಂತಿರೋ ಸಾವಿರಾರು ಜನ ಸುಮ್ಮನಾಗ್ತಾರಲ್ಲ, ಅದು ವಿಷಯ. ಅಲ್ಲೀ ತನಕ ಸೂರ್ಯಕಾಂತಿ ಬೀಜ ಸುಲೀತಾ ಗಲಗಲ ಅಂತಿದ್ದೋರು ಮೆರವಣಿಗೆಯ ಮುಂದೆ ಬರೋ ಶಿಲುಬೆ ತಿರುವಿನಲ್ಲಿ ಕಂಡ ತಕ್ಷಣ ಅಕ್ಕಪಕ್ಕದೋರಿಗೆ "ಶ್" ಅಂತಾರೆ, ಕೆಲವು ಬೀದೀಲಿ ದೀಪ ಆರಿಸ್ತಾರೆ, ಅಂಗಡಿಯೋನು ಶಟರ್ ಅರ್ಧಕ್ಕೆ ಎಳೀತಾನೆ. ಆಗ ಕೇಳ್ಸೋದು ಕೊಸ್ತಲೇರೊಗಳ ನಾರಿನ ಚಪ್ಪಲಿ ನೆಲಕ್ಕೆ ಉಜ್ಜೋ ಸದ್ದು, ಸರ್ ಸರ್ ಅಂತ, ಒಂದೇ ತಾಳದಲ್ಲಿ. ಈ ಸದ್ದಿಗೋಸ್ಕರನೇ ಗಲ್ಲಿ ಹುಡುಕ್ಕೊಂಡು ಹೋಗೋರು ಇದಾರೆ. ಮೇಣ ತೊಟ್ಟಿಕ್ಕೋದು, ಧೂಪದ ಸರಪಳಿ, ಸುತ್ತಿಗೆ ಏಟು. ಸಿಲೆನ್ಸಿಯೊ ಜೊತೆ ಓಬೋ, ಬಸೂನ್ ಥರದ ಎರಡು ಮೂರು ಊದೋ ವಾದ್ಯ ಮಾತ್ರ ಇರತ್ತೆ, ಅದೂ ಸಣ್ಣಗೆ, ಬಿಟ್ಟು ಬಿಟ್ಟು.

ಇನ್ನೊಂದು ಸಯೇತಾ. ಯಾವುದೋ ಬಾಲ್ಕನಿಯಿಂದ ಒಬ್ಬರು ಪ್ರತಿಮೆ ನೋಡ್ತಾ ಪಕ್ಕವಾದ್ಯ ಇಲ್ಲದೆ ಹಾಡ್ತಾರೆ, ಫ್ಲಮೆಂಕೊ ಗಂಟಲು, ಹಾಡು ಅನ್ನೋದಕ್ಕಿಂತ ಗೋಳು ಅನ್ನಬಹುದು. ಮೆರವಣಿಗೆ ನಿಲ್ಲತ್ತೆ, ಹಾಡು ಮುಗಿಯೋ ತನಕ ಯಾರೂ ಅಲ್ಲಾಡಲ್ಲ. ಎಲ್ಲಿ, ಯಾವಾಗ ಹಾಡ್ತಾರೆ ಅಂತ ಮೊದಲೇ ಹೇಳೋಕಾಗಲ್ಲ.

ಇದೆಲ್ಲಾ ಯಾವಾಗಿಂದ ಶುರುವಾಯ್ತು?

ಮಧ್ಯಯುಗದಿಂದ ಸಂಘಗಳಿದ್ವು. 1520ರ ಸುಮಾರಿಗೆ ತಾರಿಫಾದ ಮಾರ್ಕ್ವೆಸ್ ಅನ್ನೋ ಬಿರುದಿನ ಶ್ರೀಮಂತ ಜೆರುಸಲೇಮ್ ಯಾತ್ರೆ ಮುಗಿಸ್ಕೊಂಡು ಬಂದು ತನ್ನ ಮನೆಯಿಂದ ಊರಾಚೆಯ ಶಿಲುಬೆ ತನಕ ಶಿಲುಬೆಯ ಹಾದಿ (ಯೇಸು ಶಿಲುಬೆ ಹೊತ್ತು ನಡೆದದ್ದನ್ನ ನೆನೆದು ಅಲ್ಲಲ್ಲಿ ನಿಂತು ಪ್ರಾರ್ಥಿಸ್ತಾ ಹೋಗೋದು) ಶುರು ಮಾಡಿದ ಅಂತಾರೆ, ಆ ಮನೆ ಈಗಲೂ ಕಾಸಾ ದೆ ಪಿಲಾತೋಸ್ ಅಂತ ಇದೆ, ಟಿಕೆಟ್ ತಗೊಂಡು ನೋಡಬಹುದು. 1604ರಲ್ಲಿ ಕಾರ್ಡಿನಲ್ ನೀನ್ಯೊ ದೆ ಗೆವಾರಾ ಎಲ್ಲಾ ಸಂಘಗಳೂ ಕೆಥೆಡ್ರಲ್‌ಗೆ ಬರಲೇಬೇಕು ಅಂತ ನಿಯಮ ಮಾಡಿದ್ರು, ನದಿಯಾಚೆಯ ತ್ರಿಯಾನಾ ಬಡಾವಣೆ ಕಡೆಯೋರಿಗೆ ಮಾತ್ರ ಅಲ್ಲಿನ ಸಾಂತಾ ಆನಾ ಚರ್ಚ್. ಈಗಿನ ಅಧಿಕೃತ ದಾರಿ ಲಾ ಕಂಪಾನಾದಿಂದ ಸಿಯೆರ್ಪೆಸ್ ಬೀದಿ, ಸಾನ್ ಫ್ರಾನ್ಸಿಸ್ಕೊ ಚೌಕ ದಾಟಿ ಕೆಥೆಡ್ರಲ್ ತನಕ. ನಿಂತೇ ಹೋಗಿದ್ದ ವರ್ಷಗಳೂ ಇವೆ: 1932ರಲ್ಲಿ ರಾಜಕೀಯ ಗಲಾಟೆ ನಡುವೆ ಲಾ ಎಸ್ತ್ರೆಯಾ ಸಂಘ ಒಂದೇ ಹೊರಟಿದ್ದು, 1933ರಲ್ಲಿ ಅದೂ ಇಲ್ಲ, 2020 ಮತ್ತು 2021ರಲ್ಲಿ ಕೋವಿಡ್.

ಚಾವಟಿಯಿಂದ ಹೊಡ್ಕೊಂಡು ರಕ್ತ ಸುರಿಸ್ತಾರಂತೆ?

ಸೆವಿಲ್‌ನಲ್ಲಿ ಇಲ್ಲ. ಹಿಂದೆ ಇತ್ತು, ರಾಜ ಮೂರನೇ ಕಾರ್ಲೋಸ್ 1777ರಲ್ಲಿ ನಿಷೇಧ ಮಾಡಿದ. ಉತ್ತರದ ಲಾ ರಿಯೋಹಾ ಪ್ರಾಂತ್ಯದ ಸಾನ್ ವಿಸೆಂತೆ ದೆ ಲಾ ಸೊನ್ಸಿಯೆರ್ರಾ ಅನ್ನೋ ಊರಲ್ಲಿ ಮಾತ್ರ ಈಗಲೂ ಉಳಿದಿದೆ. ಯೂಟ್ಯೂಬ್‌ನಲ್ಲಿ ಆ ವಿಡಿಯೋಗೆ ಸೆವಿಲ್ ಅಂತ ಹೆಸರು ಹಾಕಿರೋದನ್ನ ನಂಬಬೇಡಿ.

ಹೆಂಗಸರು ಭಾಗವಹಿಸಬಹುದಾ?

ಹೂಂ. ಕೆಲವು ಸಂಘಗಳು ಮುಂಚೆನೇ ಬಿಟ್ಟಿದ್ವು, ಕೆಲವು ಹಳೇ ಸಂಘಗಳು ಕೊನೇ ತನಕ ಎಳೆದಾಡಿದ್ವು, 2011ರಲ್ಲಿ ಆಗಿನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಅಸೆನ್ಹೊ ಆದೇಶ ಹೊರಡಿಸಿ ಎಲ್ಲಾ ಸಂಘಗಳಲ್ಲೂ ಹೆಣ್ಮಕ್ಕಳು ನಸರೇನೊ ಆಗಿ ನಡೀಬಹುದು ಅಂತ ಮಾಡಿದ್ರು. ಮುಖ ಮುಚ್ಚಿದ ಮೇಲೆ ಯಾರು ಗಂಡು ಯಾರು ಹೆಣ್ಣು ಅಂತ ಹೇಗೂ ಗೊತ್ತಾಗಲ್ಲ, ಇಷ್ಟು ಸಿಂಪಲ್ ವಿಷಯಕ್ಕೆ ಅಷ್ಟು ವರ್ಷ ಯಾಕೆ ಬೇಕಾಯ್ತೋ. ಪವಿತ್ರ ಗುರುವಾರ ಕಪ್ಪು ಉಡುಪು, ತಲೆ ಮೇಲೆ ಎತ್ತರದ ಬಾಚಣಿಗೆ ಸಿಗಿಸಿ ಕಪ್ಪು ಲೇಸಿನ ಮುಸುಕು ಹಾಕ್ಕೊಂಡು ಚರ್ಚಿಂದ ಚರ್ಚಿಗೆ ಹೋಗೋ ಹೆಂಗಸರನ್ನ ನೋಡ್ತೀರ, ಅದು ಫ್ಯಾಷನ್ ಅಲ್ಲ, ಶೋಕದ ಉಡುಪು.

ನಾನು ಕ್ರಿಶ್ಚಿಯನ್ ಅಲ್ಲ, ಹೋದ್ರೆ ಏನಾದ್ರೂ ಅಂದ್ಕೋತಾರಾ?

ಯಾರೂ ಏನೂ ಕೇಳಲ್ಲ, ಬೀದಿ ಎಲ್ಲರದೂ. ನಸರೇನೊ ಆಗಿ ನಡೆಯೋಕೆ ಮಾತ್ರ ಸಂಘದ ಸದಸ್ಯರಾಗಿರಬೇಕು, ಸದಸ್ಯರಾಗೋಕೆ ದೀಕ್ಷಾಸ್ನಾನ ಆಗಿರಬೇಕು. ನೋಡೋಕೆ ನಿಂತೋರು ಗಮನಿಸಬೇಕಾದ್ದು ಇಷ್ಟು: ನಸರೇನೊ ಸಾಲಿನ ಮಧ್ಯೆ ಕಂಡಕಂಡಲ್ಲಿ ನುಗ್ಗಿ ರಸ್ತೆ ದಾಟಬೇಡಿ, ಸಾಲು ನಿಂತು ಜಾಗ ಬಿಟ್ಟಾಗ ಬಗ್ಗಿ ಬೇಗ ದಾಟಿ. ಕಪ್ಪು ಸಂಘ ಬರ್ತಿದ್ದಾಗ ಫೋನಲ್ಲಿ ಮಾತು ಬೇಡ, ಚಪ್ಪಾಳೆ ಅಂತೂ ಬೇಡವೇ ಬೇಡ. ಮಡಚೋ ಕುರ್ಚಿ ಹಾಕ್ಕೊಂಡು ದಾರಿ ಹಿಡಿದು ಕೂರೋರನ್ನ ಕಂಡ್ರೆ ಊರವರಿಗೆ ಆಗಲ್ಲ.

ಫೋಟೋ ತೆಗೀಬಹುದಾ?

ತೆಗೀಬಹುದು, ಫ್ಲ್ಯಾಶ್ ಆಫ್ ಮಾಡಿ. ನನ್ನ ಮಾತು ಕೇಳಿದ್ರೆ ಸಿಲೆನ್ಸಿಯೊಗೆ ಫೋನ್ ಜೇಬಲ್ಲೇ ಇಡಿ, ಕತ್ತಲಲ್ಲಿ ಫೋಟೋ ಹೇಗೂ ಚೆನ್ನಾಗಿ ಬರಲ್ಲ, ಹಿಂದಿರೋರ ಕಣ್ಣಿಗೆ ಸ್ಕ್ರೀನ್ ಬೆಳಕು ಬೇರೆ.

ಮಳೆ ಬಂದ್ರೆ?

ಹೊರಡಲ್ಲ. ನೂರಾರು ವರ್ಷ ಹಳೇ ಮರದ ಪ್ರತಿಮೆ, ಚಿನ್ನದ ಜರಿ ಕಸೂತಿ, ನೆಂದ್ರೆ ಮುಗೀತು. ಹೊರಡೋ ಹೊತ್ತಿಗೆ ಸಂಘದ ಹಿರಿಯರು ಹವಾಮಾನ ಇಲಾಖೆಗೆ ಫೋನ್ ಮೇಲೆ ಫೋನ್ ಮಾಡ್ತಾ ಕೂತಿರ್ತಾರೆ, ಅರ್ಧ ಗಂಟೆ ಮುಂದಕ್ಕೆ, ಇನ್ನರ್ಧ ಗಂಟೆ ಮುಂದಕ್ಕೆ ಅಂತ ಹೋಗಿ ಕೊನೆಗೆ ಇಲ್ಲ ಅಂತ ಹೇಳಿದಾಗ ವರ್ಷವಿಡೀ ಕಾದಿದ್ದ ಗಂಡಸರು ವೇಷದಲ್ಲೇ ಬಿಕ್ಕಿ ಬಿಕ್ಕಿ ಅಳ್ತಾರೆ. 2024ರಲ್ಲಿ ಮಳೆ ಹೀಗೇ ಬಹಳ ಸಂಘಗಳನ್ನ ಒಳಗೇ ಕೂರಿಸ್ತು. ಅಂಥ ದಿನ ಸಾಮಾನ್ಯವಾಗಿ ಚರ್ಚ್ ಬಾಗಿಲು ತೆಗೆದಿಟ್ಟು ಜನರನ್ನ ಒಳಗೆ ಬಿಡ್ತಾರೆ, ಕ್ಯೂ ನಿಂತು ಪಾಸೊನ ಹತ್ರದಿಂದ ನೋಡಬಹುದು, ಮಾತೆಯ ಕೆನ್ನೆ ಮೇಲಿನ ಗಾಜಿನ ಕಣ್ಣೀರ ಹನಿ ಸಮೇತ.

ಊಟ? ನಾವು ಪ್ಯೂರ್ ವೆಜ್.

ಬೇರೆ ಸಮಯಕ್ಕಿಂತ ಆ ವಾರ ವಾಸಿ. ಶುಭ ಶುಕ್ರವಾರ ಕಥೋಲಿಕರು ಮಾಂಸ ತಿನ್ನಲ್ಲ, ಹದಿನೆಂಟರಿಂದ ಐವತ್ತೊಂಬತ್ತು ವಯಸ್ಸಿನೋರಿಗೆ ಉಪವಾಸವೂ ಇದೆ. ಪಾಲಕ್ ಮತ್ತೆ ಕಾಬೂಲಿ ಕಡಲೆ ಹಾಕಿ ಮಾಡೋ ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಎಲ್ಲಾ ಬಾರ್‌ನಲ್ಲೂ ಸಿಗತ್ತೆ, ಜೀರಿಗೆ ಬೆಳ್ಳುಳ್ಳಿ ಹಾಕಿರ್ತಾರೆ, ನಮ್ಮ ಬಾಯಿಗೆ ಹಿಡಿಸತ್ತೆ. ಮೀನು ಬೇಡ ಅಂತ ಬೇರೆ ಹೇಳಬೇಕು, ಅಲ್ಲಿ ಮೀನನ್ನ ಮಾಂಸದ ಲೆಕ್ಕಕ್ಕೆ ಹಿಡಿಯಲ್ಲ. ಸಿಹಿಗೆ ತೊರ್ರಿಹಾ, ಹಾಲಲ್ಲೋ ವೈನಲ್ಲೋ ನೆನೆಸಿದ ಬ್ರೆಡ್ ಕರಿದು ಜೇನುತುಪ್ಪ ಹಾಕಿರೋದು, ಮೊಟ್ಟೆ ಇರತ್ತೆ ನೋಡ್ಕೊಳ್ಳಿ.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ? ಜನ ಜಾಸ್ತಿ ಇದ್ರೆ ಸೇಫಾ?

ಹಗಲಿನ ಮೆರವಣಿಗೆಗೆ ಆರಾಮಾಗಿ. ಅಲ್ಲಿನ ಮಕ್ಕಳು ನಸರೇನೊಗಳ ಬತ್ತಿಯಿಂದ ಮೇಣ ಕೇಳಿ ಕೇಳಿ ಉಂಡೆ ಕಟ್ತಾರೆ, ವರ್ಷ ವರ್ಷ ಅದನ್ನೇ ದೊಡ್ಡದು ಮಾಡ್ತಾರೆ, ಕೆಲವು ಸಂಘದೋರು ಚಾಕೊಲೇಟು, ಸಣ್ಣ ಚಿತ್ರ ಕೊಡ್ತಾರೆ. ಕಪ್ಪು ಸಂಘದೋರ ಹತ್ರ ಇದನ್ನ ಕೇಳಿಸಬೇಡಿ. ಮದ್ರುಗಾಗೆ ಚಿಕ್ಕ ಮಕ್ಕಳು ಬೇಡ ಅಂತ ನನ್ನ ಅಭಿಪ್ರಾಯ, ಚಳಿ ಇರತ್ತೆ, ಇಕ್ಕಟ್ಟು, ಅದಲ್ಲದೆ 2000ದಲ್ಲಿ ಮತ್ತೆ 2017ರಲ್ಲಿ ಅದೇ ರಾತ್ರಿ ಸುಮ್ಮಸುಮ್ಮನೆ ಗಾಬರಿ ಹಬ್ಬಿ ಜನ ದಿಕ್ಕಾಪಾಲಾಗಿ ಓಡಿದ್ರು. ಆಮೇಲೆ ಪೊಲೀಸ್ ವ್ಯವಸ್ಥೆ ಬಿಗಿಯಾಗಿದೆ. ಆದ್ರೂ ನಿಲ್ಲೋ ಮುಂಚೆ ಹೊರಗೆ ಹೋಗೋ ಗಲ್ಲಿ ಯಾವ ಕಡೆ ಅಂತ ನೋಡ್ಕೊಂಡು ನಿಲ್ಲಿ.

ಸೆವಿಲ್ ಬಿಟ್ಟು ಬೇರೆ ಕಡೆ ಇಂಥ ಮೌನ ಇದೆಯಾ?

ಸ್ಪೇನಿನಲ್ಲೇ ಸಮೋರಾ ಅಂತ ಸಣ್ಣ ಊರಿದೆ, ಪವಿತ್ರ ಬುಧವಾರ ಸಂಜೆ ಕೆಥೆಡ್ರಲ್ ಮುಂದೆ ಇಡೀ ಊರಿನ ಪರವಾಗಿ ಮೌನದ ಪ್ರತಿಜ್ಞೆ ಮಾಡ್ತಾರೆ, ಆಮೇಲೆ ಮೆರವಣಿಗೆ. ಸೆವಿಲ್‌ನಷ್ಟು ಅಲಂಕಾರ ಇಲ್ಲ, ಒಣ ಕಟ್ಟುನಿಟ್ಟು, ಸೀರಿಯಸ್ ಆಗಿ ಪ್ರಾರ್ಥನೆಗೆ ಅಂತ ಹೋಗೋರಿಗೆ ನಾನು ಅದನ್ನೇ ಹೇಳೋದು. ಮೆಕ್ಸಿಕೊದ ಸಾನ್ ಲೂಯಿಸ್ ಪೊತೊಸಿಯಲ್ಲಿ ಶುಭ ಶುಕ್ರವಾರ ರಾತ್ರಿ ಮೌನದ ಮೆರವಣಿಗೆ ಅಂತಲೇ ನಡೆಯತ್ತೆ.

ಅಷ್ಟು ದೂರ ಆಗಲ್ಲ, ಇಲ್ಲೇ ಹತ್ರ ಏನಾದ್ರೂ?

ಶಿಲುಬೆಯ ಹಾದಿ ನಮ್ಮ ಎಲ್ಲಾ ಕಥೋಲಿಕ ಧರ್ಮಕೇಂದ್ರಗಳಲ್ಲೂ ತಪಸ್ಸುಕಾಲದ ಶುಕ್ರವಾರಗಳಲ್ಲಿ ಇರತ್ತೆ, ಹದಿನಾಲ್ಕು ಸ್ಥಳ, ಯಾರು ಬೇಕಾದ್ರೂ ಹೋಗಿ ಹಿಂದೆ ನಿಂತ್ಕೋಬಹುದು. ಮೆರವಣಿಗೆನೇ ನೋಡಬೇಕು ಅಂದ್ರೆ ಗೋವಾ ವೇಲ್ಹಾದ ಸೇಂಟ್ ಆಂಡ್ರ್ಯೂ ಚರ್ಚು. ಗರಿಗಳ ಭಾನುವಾರಕ್ಕೆ ಹಿಂದಿನ ಸೋಮವಾರ ಅಲ್ಲಿ ಸಂತರ ಪ್ರತಿಮೆಗಳ ಸಾಲನ್ನ ಹೊತ್ಕೊಂಡು ಊರು ಸುತ್ತಿಸ್ತಾರೆ, ಫ್ರಾನ್ಸಿಸ್ಕನ್ನರು ಪೋರ್ಚುಗೀಸರ ಕಾಲದಲ್ಲಿ ಶುರು ಮಾಡಿದ ಪ್ರಾಯಶ್ಚಿತ್ತದ ಮೆರವಣಿಗೆ ಅದು, 2027ರಲ್ಲಿ ಆ ಲೆಕ್ಕಕ್ಕೆ ಮಾರ್ಚ್ 15 ಬರತ್ತೆ. ಒಂದು ಎಚ್ಚರ: ಗೋವಾ ವೇಲ್ಹಾ ಬೇರೆ, ಬೊಮ್ ಜೀಸಸ್ ಬಸಿಲಿಕಾ ಇರೋ ಓಲ್ಡ್ ಗೋವಾ ಬೇರೆ. ಇದು ಪಣಜಿಯಿಂದ ಮಡಗಾಂವ್‌ಗೆ ಹೋಗೋ ಹೆದ್ದಾರಿ ಪಕ್ಕ ಇದೆ, ಟ್ಯಾಕ್ಸಿಯೋನಿಗೆ ಹತ್ತೋ ಮುಂಚೆನೇ ಸರಿಯಾಗಿ ಹೇಳಿ.